ಬಿರುಕನ್ನು ನಾನೇ ತೋರಿಸಿದ ದಿನ

ಭಕ್ತ ಬಂಧುಗಳೇ, ಹೋದ ವರ್ಷ ಶ್ರಾವಣದಲ್ಲಿ ಕಲಬುರಗಿಯ ಡಾಕ್ಟರೊಬ್ಬರು ನಮ್ಮ ಯಜಮಾನರ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಕಲ್ಲಿನ ಧೂಳು ಇನ್ನ ಸಾಕ್ರಿ. ಮಷಿನ್ ಬಿಡ್ರಿ, ಇಲ್ಲಾಂದ್ರ ಎದಿ ಉಳಿಯಂಗಿಲ್ಲ" ಎಂದರು. ಶಹಾಬಾದಿನಲ್ಲಿ ನಮ್ಮದು ನೆಲಕ್ಕೆ ಹಾಸುವ ಫರ್ಷಿ ಕಲ್ಲಿನ ಸಣ್ಣ ವ್ಯಾಪಾರ. ಕಲ್ಲು ಕೊಯ್ಯುವವರು ಅವರು, ಚೌಕಾಸಿ ಮಾಡುವವಳು ನಾನು. ಅವರು ಮಷಿನ್ ಬಿಡಬೇಕಾದರೆ ನಾನು ದುಡಿಯಬೇಕು.

ಮದುವೆಗೆ ಮುಂಚೆ ಬಿ.ಸಿ.ಎ. ಮುಗಿಸಿದ್ದೆ. ಮೂವತ್ತಾರನೆಯ ವಯಸ್ಸಿನಲ್ಲಿ ಮೊಬೈಲಿನಲ್ಲೇ ಪಾಠ ಕೇಳಿ, ಹೈದರಾಬಾದಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಅರ್ಜಿ ಹಾಕಿದೆ. ಆನ್‌ಲೈನ್ ಪರೀಕ್ಷೆ ದಾಟಿದೆ, ಸಂದರ್ಶನಕ್ಕೆ ಕರೆದರು.

ಇಲ್ಲಿ ನನ್ನ ತಪ್ಪನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಫರ್ಷಿಯನ್ನು ಬಡಿದು ನೋಡಿ ಖರೀದಿಸುವುದು ನಮ್ಮ ಕಡೆಯ ರೂಢಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಸದ್ದು ಮಂಕಾಗುತ್ತದೆ. ಮೇಲಿನ ನಾಲ್ಕನ್ನು ಮಾತ್ರ ಬಡಿದು ತೋರಿಸಿ, ಅನುಮಾನದ ಕಲ್ಲನ್ನು ತಳಕ್ಕೆ ಸೇರಿಸಿ, ಗಿರಾಕಿಯನ್ನು ಮಾತಿನಲ್ಲಿ ಮುಳುಗಿಸುವುದು ನನ್ನ ಜಾಣತನವಾಗಿತ್ತು. ಸಂದರ್ಶನದಲ್ಲೂ ಅದನ್ನೇ ಮಾಡಿದೆ. ಬೋರ್ಡಿನ ಮೇಲೆ ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಕಡೆ ದೋಷವಿತ್ತು. ನನಗೆ ಗೊತ್ತಿತ್ತು. ಸಂದರ್ಶಕರು ಅಲ್ಲೇ ಬೆರಳಿಟ್ಟರೂ ಮಾತು ತಿರುಗಿಸಿದೆ. ಎಂಟು ದಿನಕ್ಕೆ ಎರಡು ಸಾಲಿನ ಮೇಲ್ ಬಂತು: ಈ ಬಾರಿ ಆಗಲಿಲ್ಲ.

ಯಜಮಾನರು ಮತ್ತೆ ಮಷಿನ್ನಿಗೆ ನಿಂತರು. ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೆಮ್ಮುತ್ತಿದ್ದರು. ಆ ಕೆಮ್ಮು ನನ್ನಿಂದಲೇ ಎನಿಸಿ ಊಟ ಸೇರದಾಯಿತು.

ಆರು ತಿಂಗಳಾದ ಮೇಲೆ ಮತ್ತೆ ಅರ್ಜಿ ಹಾಕಬಹುದಿತ್ತು. ಹಾಕಿದೆ, ಕರೆಯೂ ಬಂತು. ಸಂದರ್ಶನದ ಹಿಂದಿನ ಶನಿವಾರ ನಮ್ಮ ಓಣಿಯ ಪ್ರಾಣದೇವರ ಗುಡಿಗೆ ಹೋಗಿ, "ನೌಕರಿ ಕೊಡಪಾ, ನೂರಾ ಒಂದು ಟೆಂಗಿನಕಾಯಿ ಒಡಿತೀನಿ" ಎಂದೆ.

ಅರ್ಚಕರು ಕೇಳಿಸಿಕೊಂಡರು. "ಏನ್ ತಂಗಿ, ಹಣಮಪ್ಪನ ಜೋಡೀನೂ ಚೌಕಾಸಿ ಏನು? ಅಂವ ನಿನ್ನ ಗಿರಾಕಿ ಅಲ್ಲವ್ವಾ!"

"ಮತ್ತೇನ್ ಕೇಳ್ಲಿರಿ ಆಚಾರ್ರೆ?"

"ಖರೇ ಹೇಳೋ ಧೈರ್ಯ ಕೊಡು ಅನ್ನು. ಉಳಿದದ್ದು ಅಂವ ನೋಡ್ಕೋತಾನ."

ನಾಚಿಕೆಯಾಯಿತು. ಹಾಗೆಯೇ ಬೇಡಿಕೊಂಡೆ.

ವಾಡಿ ಜಂಕ್ಷನ್ನಿನಲ್ಲಿ ಹೈದರಾಬಾದಿನ ರೈಲು ಹತ್ತಿಸುವಾಗ ಯಜಮಾನರು, "ಅಲ್ಲಿ ಭಾಳ ಮಾತಾಡಬ್ಯಾಡ" ಎಂದರು. ಕಂಪನಿಯಲ್ಲಿ ಕೊರಳಿಗೆ ಹೆಸರಿನ ಚೀಟಿ ತೂಗಿಸಿ, ಎ.ಸಿ. ಕೊರೆಯುವ ಹಾಲಿನಲ್ಲಿ ಕೂಡಿಸಿದರು. ಸುತ್ತಲೂ ಇಪ್ಪತ್ತೆರಡು, ಇಪ್ಪತ್ಮೂರರ ಮಕ್ಕಳು. ಬೀದರಿನ ಹುಡುಗಿಯೊಬ್ಬಳು ಕುರ್ಚಿ ಸರಿಸಿ, "ಆಂಟಿ, ಮಗಳ ಜೋಡಿ ಬಂದೀರೇನ್ರಿ?" ಎಂದಳು. "ನಾನೇ ಮಗಳವ್ವಾ" ಎಂದೆ. ಇಬ್ಬರೂ ನಕ್ಕೆವು. ಪ್ರತಿ ಸುತ್ತಿನ ನಂತರ ಕೆಲವರನ್ನು "ತಿಳಿಸುತ್ತೇವೆ" ಎಂದು ಕಳಿಸುತ್ತಿದ್ದರು. ಮಧ್ಯಾಹ್ನಕ್ಕೆ ಆ ಹುಡುಗಿಯೂ ಹೋದಳು. ನಾನು ಉಳಿದೆ.

ಕೊನೆಯ ಸುತ್ತಿನ ಸಂದರ್ಶಕರು ನನ್ನ ಪ್ರೋಗ್ರಾಮ್ ನೋಡಿ, "ಸರಿಯಿದೆ, ಹೊರಡಬಹುದು" ಎಂದು ಹಿಂದಿಯಲ್ಲಿ ಹೇಳಿ ಲ್ಯಾಪ್‌ಟಾಪ್ ಮುಚ್ಚಿದರು. ಎದ್ದೆ. ಆದರೆ ಪ್ರೋಗ್ರಾಮಿಗೆ ಕೊಡುವ ಪಟ್ಟಿ ಖಾಲಿಯಿದ್ದರೆ ಅದು ಕೆಡುತ್ತದೆಂದು ಬರೆಯುವಾಗಲೇ ನನಗೆ ಹೊಳೆದಿತ್ತು. ಅವರು ಕಂಡಿರಲಿಲ್ಲ. ಬಾಗಿಲ ತನಕ ಹೋದೆ, ಕಾಲು ಮುಂದೆ ಬರಲಿಲ್ಲ. ತಿರುಗಿ, "ಸರ್, ಅದರಲ್ಲೊಂದು ಬಿರುಕಿದೆ" ಎಂದೆ.

ಅವರು ಲ್ಯಾಪ್‌ಟಾಪ್ ತೆರೆದರು. ಅರ್ಧ ಗಂಟೆ ಇಬ್ಬರೂ ಸೇರಿ ತಿದ್ದಿದೆವು. "ನನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ, ಯಾಕೆ ಹೇಳಿದಿರಿ?" ಎಂದರು. ಫರ್ಷಿಯ ಕಥೆಯನ್ನೆಲ್ಲ, ತಳದ ಕಲ್ಲಿನ ಸಮೇತ ಹೇಳಿಬಿಟ್ಟೆ. ಅವರು ನಗಲಿಲ್ಲ, ಏನೋ ಬರೆದುಕೊಂಡರು. ಕೆಲಸ ಹೋಯಿತೆಂದೇ ತಿಳಿದು ಊರಿಗೆ ಬಂದೆ.

ಹನ್ನೊಂದನೆಯ ದಿನ ಫೋನ್ ಬಂತು. ನಾನು ಕೇಳಿದ ಹುದ್ದೆ ಸಿಗಲಿಲ್ಲ. ಇನ್ನೊಂದು ಸಿಕ್ಕಿತು: ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ದೋಷ ಹುಡುಕಿ ಹೇಳುವ ಟೆಸ್ಟಿಂಗ್ ಕೆಲಸ. ಎಷ್ಟು ಸಂಬಳ ಬೇಕೆಂದು ಮಾತ್ರ ನಾನೇ ಮೊದಲು ಬಾಯಿಬಿಟ್ಟು ಹೇಳಲಿಲ್ಲ. ನೀವೂ ಹೇಳಬೇಡಿ. ಸತ್ಯ ಬೇರೆ, ದಡ್ಡತನ ಬೇರೆ.

ಮಷಿನ್ ಮಾರಿದೆವು. ತೆಂಗಿನಕಾಯಿಯ ಬದಲು ಗುಡಿಯ ಪ್ರದಕ್ಷಿಣೆಯ ದಾರಿಗೆ ಫರ್ಷಿ ಹಾಸಿಸಿದೆವು. ಹಾಸುವ ಮುಂಚೆ, "ಬಡದು ನೋಡ್ರಿ ಆಚಾರ್ರೆ, ತಳದ್ದೂ ತಗದು ನೋಡ್ರಿ" ಎಂದೆ. ಒಂದೊಂದೂ ಠಣ್ ಎಂದಿತು. ಯಜಮಾನರು ಅದರ ಮೇಲೆ ಹನ್ನೊಂದು ಸುತ್ತು ಹಾಕಿದರು. ಒಮ್ಮೆಯೂ ಕೆಮ್ಮಲಿಲ್ಲ.