ಅಣ್ಣನ ಗಂಟಲಿನ ಚಿತ್ರ

ಸ್ಕ್ಯಾನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಅವರನ್ನು ಎಲ್ಲರೂ ಮೇಷ್ಟ್ರು ಅಂತಲೇ ಕರೆಯೋದು. ಪಾಠ ಹೇಳಿದವರೇನಲ್ಲ. "ಅಲ್ಲಾಡಬೇಡಿ, ಎಂಜಲು ನುಂಗಬೇಡಿ" ಅಂತ ಎಂಥೆಂಥ ದೊಡ್ಡ ಮನುಷ್ಯರನ್ನೂ ಗದರಿಸುತ್ತಿದ್ದರಲ್ಲ, ಅದಕ್ಕೆ.

ಮೂರು ವರ್ಷದಿಂದ ಆ ಗತ್ತೆಲ್ಲ ಇಳಿದುಹೋಗಿತ್ತು. ಹಲಗೆಯ ಮೇಲೆ ಯಾರೇ ಮಲಗಿರಲಿ, ಗಾಜಿನ ಈಚೆ ಕೂತ ಮೇಷ್ಟ್ರಿಗೆ ಕಾಣುತ್ತಿದ್ದದ್ದು ಸತ್ತ ಅಣ್ಣನ ಪಾದ. ಮೈಕಿನಲ್ಲಿ ರೋಗಿಯ ಉಸಿರು ಒಂದು ಕ್ಷಣ ಕೇಳಿಸದಿದ್ದರೂ ಎದ್ದು ಗಾಜಿಗೆ ಮುಖ ಒತ್ತಿ ನೋಡುತ್ತಿದ್ದರು.

ಅಣ್ಣನದು ಗೋಡೆಯಾಚೆಯವರೂ ಎದ್ದು ಕೂರುವಂಥ ಗೊರಕೆ. ನಡುನಡುವೆ ಉಸಿರೇ ನಿಲ್ಲುತ್ತೆ ಅಂತ ಹೆದರಿದ ಅತ್ತಿಗೆ ಅವನನ್ನು ಬಲವಂತವಾಗಿ ಸ್ಕ್ಯಾನಿಗೆ ಕರೆತಂದಿದ್ದರು. "ಕತ್ತು ಸೆಳೀತಿದೆ ಕಣೋ" ಅಂದ ಅಣ್ಣ. ಬೇರೆಯವರಾಗಿದ್ದರೆ ಮೇಷ್ಟ್ರು ಗದರುತ್ತಿದ್ದರು. ಒಡಹುಟ್ಟಿದವನಲ್ಲವಾ, ಹೊದಿಕೆ ಸುರುಳಿ ಸುತ್ತಿ ಕತ್ತಿನಡಿಗೆ ಕೊಟ್ಟರು. ತಲೆ ಹಿಂದಕ್ಕೆ ವಾಲಿತು, ಗದ್ದ ಮೇಲೆದ್ದಿತು, ನಾಲಿಗೆಯ ಹಿಂದಿನ ಉಸಿರುದಾರಿ ಅಗಲವಾಗಿ ತೆರೆದುಕೊಂಡಿತು. ಅದೂ ಎಚ್ಚರವಾಗಿದ್ದಾಗ ತೆಗೆದ ಚಿತ್ರ, ನಿದ್ದೆಯಲ್ಲಿ ದಾರಿ ಎಷ್ಟು ಮುಚ್ಚುತ್ತೆ ಅಂತ ಅದರಲ್ಲಿ ಕಾಣಲ್ಲ. ಡಾಕ್ಟರಿಗೆ ಕಳಿಸಿದ ಚೀಟಿಯಲ್ಲಿ ಮೇಷ್ಟ್ರು ಸುರುಳಿಯ ಮಾತೇ ಬರೆಯಲಿಲ್ಲ. "ಏನೂ ಇಲ್ಲ ಕಣೋ, ಹೋಗಿ ಹಾಯಾಗಿ ಮಲಕ್ಕೋ" ಅಂತ ಬೆನ್ನು ತಟ್ಟಿ ಕಳಿಸಿದರು. ರಾತ್ರಿಯಿಡೀ ಮಲಗಿಸಿ ಉಸಿರು ಅಳೆಯುವ ನಿದ್ದೆಯ ಪರೀಕ್ಷೆಗೆ ಅಣ್ಣ ಹೋಗಲೇ ಇಲ್ಲ. ಎಂಟು ತಿಂಗಳಿಗೆ ಮಲಗಿದ್ದಲ್ಲೇ ಹೋಗಿಬಿಟ್ಟ. ಮನೆಯವರೆಲ್ಲ ಹಾರ್ಟ್ ಅಟ್ಯಾಕ್ ಅಂದುಕೊಂಡರು.

ಆಮೇಲೆ ಆ ಚಿತ್ರ ತೆರೆದು ನೋಡಿದಾಗಲೇ ಮೇಷ್ಟ್ರಿಗೆ ತಾನು ಮಾಡಿದ್ದೇನು ಅಂತ ಹೊಳೆದದ್ದು. ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಇವತ್ತು ಅದೇ ಹಲಗೆಯ ಮೇಲೆ ಅಣ್ಣನ ಮಗಳು. ಸುರುಳಿಯೂ ಇಲ್ಲ, ಗಿರುಳಿಯೂ ಇಲ್ಲ, ನೆಟ್ಟಗೆ ಮಲಗಿಸಿ ತೆಗೆದ ಚಿತ್ರ. ನಾಲಿಗೆಯ ಹಿಂದೆ ದಾರಿ ಹುಲ್ಲುಕಡ್ಡಿಯಷ್ಟು ಸಣ್ಣ.

ಅವಳು ನಗುನಗುತ್ತಲೇ ಎದ್ದು ಕೂತಳು. "ಚಿಕ್ಕಪ್ಪಾ, ಉಸಿರು ನಿಲ್ಲದ ಹಾಗೆ ಗಾಳಿ ಊದೋ ಮಾಸ್ಕ್ ಹಾಕ್ಕೊಂಡು ದಿನಾ ಮಲಗಬೇಕಂತೆ, ಡಾಕ್ಟರು ಹೇಳಿದಾರೆ. ಮೂತಿಗೆ ಆನೆ ಸೊಂಡಿಲು ಕಟ್ಕೊಂಡು ಯಾರು ಮಲಗ್ತಾರೆ! ಅಪ್ಪಂದೂ ಇದೇ ಗೊರಕೆ, ಅವರ ಗಂಟಲು ಚೆನ್ನಾಗೇ ಇತ್ತಲ್ಲ, ನೀವೇ ನೋಡಿದ್ರಲ್ಲ. ನಾನಂತೂ ಹಾಕ್ಕೊಳ್ಳಲ್ಲಪ್ಪ."

ಮೇಷ್ಟ್ರು ಹಲಗೆಯ ಹತ್ತಿರ ಬಂದರು. ಹೇಳಿದರೆ ಮಗಳಂತಿರುವ ಇವಳು ಜನ್ಮದಲ್ಲಿ ಹತ್ತಿರ ಬರಲ್ಲ. ಹೇಳದಿದ್ದರೆ ಇವಳೂ ಅಣ್ಣನ ದಾರಿ ಹಿಡೀತಾಳೆ. ಥೂ, ಹಾಳು ಮರ್ಯಾದೆ!

"ಚೆನ್ನಾಗಿರಲಿಲ್ಲಮ್ಮ. ಕತ್ತಿನಡಿ ಸುರುಳಿ ಇಟ್ಟು ಚಿತ್ರ ಕೆಡಿಸಿದವನು ನಾನು. ನನ್ನ ಮುಖ ನೋಡದಿದ್ರೂ ಪರವಾಗಿಲ್ಲ, ಮಾಸ್ಕ್ ಮಾತ್ರ ಬಿಡಬೇಡ."

ಬೈಯುತ್ತಾಳೆ ಅಂತ ಕಾದರು. ಬೈಯಲಿಲ್ಲ. ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವಳು ಹಾಗೇ ನೆಲದ ಮೇಲೆ ಕೂತುಬಿಟ್ಟಳು.

"ಉಸಿರು ನಿಂತಾಗಲೆಲ್ಲ ಅಮ್ಮ ಅಪ್ಪನ್ನ ಅಲುಗಾಡಿಸಿ ಎಬ್ಬಿಸ್ತಿದ್ದಳು. ಚಿಕ್ಕಪ್ಪನೇ ಏನೂ ಇಲ್ಲ ಅಂದಿದಾರೆ, ಅಪ್ಪನ ನಿದ್ದೆ ಯಾಕೆ ಹಾಳು ಮಾಡ್ತೀಯಾ ಅಂತ ಜಗಳ ಆಡಿ, ಅಮ್ಮನ್ನ ಬೇರೆ ಕೋಣೇಲಿ ಮಲಗಿಸಿದ್ದು ನಾನು ಚಿಕ್ಕಪ್ಪಾ."

ಮಗಳ ಚಿತ್ರ ಹೇಗೆ ಬಂತೋ ಅಂತ ಅತ್ತಿಗೆ ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದರು. ಬಾಗಿಲು ತೆಗೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ.