ನಿಘಂಟಮ್ಮನ ಗೆಲುವು

ಮುದ್ರಣಾಲಯದಲ್ಲಿ ಕರಡು ತಿದ್ದುವ ಆಕೆಗೆ ಎಲ್ಲರೂ ಇಟ್ಟ ಹೆಸರು ನಿಘಂಟಮ್ಮ. ಊಟದ ಬಿಡುವಿನಲ್ಲಿ ಕಾಗದದ ಕಟ್ಟುಗಳ ಮೇಲೆ ಹಲಗೆ ಹಾಸಿ, ಇಂಗ್ಲಿಷ್ ಅಕ್ಷರದ ಬಿಲ್ಲೆಗಳಿಂದ ಪದ ಕಟ್ಟುವ ಆಟಕ್ಕೆ ಕೂತರೆ ಆಕೆ ಸೋತದ್ದನ್ನು ಕಂಡವರಿಲ್ಲ. ಹಲಗೆಯ ಕೆಳಗಿನ ಮೊಬೈಲನ್ನೂ ಯಾರೂ ಕಂಡಿಲ್ಲವೆಂದೇ ಆಕೆಯ ನಂಬಿಕೆ. ಕೈಗೆ ಬಂದ ಅಕ್ಷರಗಳನ್ನು ಅದರಲ್ಲಿ ತಂಗಿಗೆ ಕಳಿಸುತ್ತಿದ್ದಳು. ತಂಗಿ ಮನೆಯ ಕಂಪ್ಯೂಟರಿನಲ್ಲಿ ಹುಡುಕಿ ಪದ ಕಳಿಸುತ್ತಿದ್ದಳು.

ಅಂದು ಯು ಜೊತೆಗಿಲ್ಲದೆ ಬರೀ ಕ್ಯು ಬಂದು ವಕ್ಕರಿಸಿತು; ಯು ಇಲ್ಲದ ಕ್ಯುಗೆ ಇಂಗ್ಲಿಷಿನಲ್ಲಿ ಪದ ಸಿಗುವುದೇ ಕಷ್ಟ. ಪುಣ್ಯಾತ್ಗಿತ್ತಿ ಗಡಿಬಿಡಿಯಲ್ಲಿ ಅಕ್ಷರಗಳನ್ನು ಒತ್ತಿ, ಕೊನೆಗೆ 'ಬೇಗ ಹುಡುಕೇ, ಇವ್ರಿಗೆ ಡೌಟ್ ಬರುತ್ತೆ' ಎಂದು ಸೇರಿಸಿ ಕಳಿಸಿದಳು. ಮರುಕ್ಷಣವೇ ಸುತ್ತ ಕೂತವರ ಜೇಬುಗಳೆಲ್ಲ ಒಟ್ಟಿಗೆ ಟಣ್ ಎಂದವು. ಸಂದೇಶ ಹೋದದ್ದು ತಂಗಿಗಲ್ಲ, ಮುದ್ರಣಾಲಯದ ವಾಟ್ಸಾಪ್ ಗುಂಪಿಗೆ!

ಬೈಂಡರ್ ಓದಿದ. ಮಷಿನ್ ನಡೆಸುವವನು ಓದಿದ. ಓದಿದವರೆಲ್ಲ ತಮ್ಮ ತಮ್ಮ ಬಿಲ್ಲೆಗಳನ್ನು ನೋಡುತ್ತ ಕೂತರು. ನಿಘಂಟಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಒಬ್ಬರಾದರೂ ಉಗಿಯಬಾರದೇ ಇವರು!

ಆಕೆ ಬಿಲ್ಲೆಗಳನ್ನು ಬಾಚಿ ಏಳಹೊರಟಾಗ ಬೈಂಡರ್ ಮೊಬೈಲನ್ನು ಬೋರಲು ಹಾಕಿದ.

"ಕೂತ್ಕೊಳ್ಳಿ ಅಕ್ಕ," ಎಂದ ಮೆಲ್ಲಗೆ. "ಹಲಗೆ ಕೆಳಗಿಂದ ಉತ್ತರ ಬರೋತನಕ ದಿನಾ ಕಾಯ್ತೀವಲ್ಲ, ಇವತ್ತೂ ಕಾಯ್ತೀವಿ."