ಸೊನ್ನೆ ಬಿಟ್ಟುಹೋದ ಸೀರೆ ಚೀಟಿ

ಗೌರಿ ಹಬ್ಬಕ್ಕೆ ಮಳವಳ್ಳಿಯ ತಂಗಿಗೆ ಸೀರೆ ಕೊಡುವುದು ನಮ್ಮ ಮನೆಯ ರೂಢಿ. ಪ್ರತಿವರ್ಷ ನೂಲಿನ ಸೀರೆಯೇ. ಅವಳಿಗೆ ಅರವತ್ತು ತುಂಬಿದ ವರ್ಷ ರೇಷ್ಮೆ ಕೊಡಬೇಕೆನಿಸಿ ಮಂಡ್ಯದ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಕೆಂಪಂಚಿನ ಹಸಿರು ಸೀರೆಗೆ ಎಂಟೂವರೆ ಸಾವಿರ ಎಂದರು. ಸುಮ್ಮನೆ ಎದ್ದು ಬಂದೆ.

ವಾರದ ನಂತರ ಅದೇ ಸೀರೆ ಅಂಗಡಿಯ ಮುಂದಿನ ಗಾಜಿನ ಹಿಂದೆ ನೇತಾಡುತ್ತಿತ್ತು. ಚೀಟಿಯಲ್ಲಿ ಎಂಟುನೂರೈವತ್ತು ಎಂದಿತ್ತು. ಒಂದು ಸೊನ್ನೆ ಬಿಟ್ಟುಹೋಗಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ತಿಳಿದೂ ಒಳಗೆ ಹೋಗಿ ಅಷ್ಟೇ ಹಣ ಇಟ್ಟೆ.

ಚೀಟಿ ಬರೆದಿದ್ದವಳು ಅಲ್ಲಿ ಸೀರೆ ತೋರಿಸುವ ನಡುವಯಸ್ಸಿನ ಹೆಂಗಸು. ಗಾಬರಿಯಾದಳು.

“ಬರ್ಯೋವಾಗ ಸೊನ್ನೆ ಬುಟ್ಟೋಗೈತೆ ಯಜಮಾನ್ರೇ, ತಪ್ಪಾಯ್ತು.”

“ತಪ್ಪಲ್ಲ, ಮೋಸ! ಜನಗಳ್ನ ಒಳಕ್ಕೆ ಎಳ್ಯಕ್ಕೆ ಬೇಕಂತ್ಲೇ ಬರ್ದವ್ಳೆ ಮೋಸಗಾತಿ. ಚೀಟೀಲಿರೋ ಬೆಲೆಗೇ ಕೊಡಿ, ಇಲ್ದಿದ್ರೆ ಗ್ರಾಹಕರ ಕೋರ್ಟಿಗೆ ಓಯ್ತೀನಿ!” ಎಂದು ಅಂಗಡಿಗೆಲ್ಲ ಕೇಳುವಂತೆ ಕೂಗಿದೆ.

“ಬುಡಬ್ಯಾಡಿ ಯಜಮಾನ್ರೇ,” ಎಂದ ಹಿಂದಿನಿಂದ ಒಬ್ಬ. “ಅಂಗೇ ನಮ್ಮೋಳ್ಗೂ ಒಂದ್ ಕೊಡ್ಸಿ!”

ಎಲ್ಲರೂ ನಕ್ಕರು. ಗಲ್ಲಾದಲ್ಲಿದ್ದ ಮಾಲೀಕರು ಜನರನ್ನು ನೋಡಿ, “ಕೊಟ್ಟು ಕಳ್ಸಮ್ಮ,” ಎಂದರು.

ಸುಳ್ಳು ಬೆಲೆ ತೋರಿಸಿ ಗಿರಾಕಿಗಳನ್ನು ಸೆಳೆಯುವ ಮೋಸಕ್ಕೆ ಕಾನೂನಿದೆ, ಇರಲೇಬೇಕು. ನಾನು ಅದನ್ನು ಒಬ್ಬ ಹೆಂಗಸಿನ ಕೈತಪ್ಪಿನ ಮೇಲೆ ಬೀಸಿದೆ.

ತಂಗಿ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು, “ಇಷ್ಟೊಂದು ಯಾಕಣ್ಣ ಕರ್ಚು ಮಾಡ್ದೆ?” ಎಂದಳು. “ಅರವತ್ತು ತುಂಬ್ತಲ್ಲವ್ವ,” ಎಂದೆ ಹೆಮ್ಮೆಯಿಂದಲೇ.

ಮರುವರ್ಷ ಹಬ್ಬದ ಮುಂಚೆ ಅದೇ ಅಂಗಡಿಗೆ ಹೋದಾಗ ಆ ಹೆಂಗಸೇ ಗುರುತು ಹಿಡಿದಳು.

“ಈ ಸತಿ ಚೀಟಿ ಸರ್ಯಾಗ್ ಬರ್ದಿವ್ನಿ, ನೋಡ್ಕಳಿ. ನಿಮ್ ಸೀರೆ ದುಡ್ಡ ನನ್ ಸಂಬಳ್ದಲ್ಲಿ ಮುರ್ಕಂಡ್ರು. ಮೊನ್ನೆ ತೀರ್ತು.”

ನೆಟ್ಟಗೆ ಬ್ಯಾಂಕಿಗೆ ಹೋಗಿ, ನಾನು ಕೊಡದೆ ಉಳಿಸಿಕೊಂಡಿದ್ದಷ್ಟನ್ನೂ ತಂದು ಅವಳ ಮುಂದಿಟ್ಟೆ. ಅವಳು ತೆಗೆದುಕೊಂಡಳು.

“ಬ್ಯಾಡ ಅನ್ನಕ್ಕೆ ನಾನೇನ್ ಸಾವ್ಕಾರ್ತಿ ಅಲ್ಲ. ಆದ್ರೆ ಅವತ್ತು ಅಷ್ಟು ಜನ್ರ ಮುಂದೆ ನನ್ನ ಮೋಸಗಾತಿ ಅಂದ್ರಲ್ಲ, ಅದ್ನೂ ವಾಪಸ್ ತಕಳಿ. ಅಷ್ಟೇ ಜೋರಾಗಿ.”

ಅಂಗಡಿ ತುಂಬಿತ್ತು. ನಮ್ಮ ಬೀದಿಯವರೂ ಇಬ್ಬರಿದ್ದರು. “ತಪ್ಪು ನಂದು,” ಎಂದೆ. ಆ ಮಾತು ಅವಳಿಗೂ ಸರಿಯಾಗಿ ಕೇಳಿಸಿರಲಾರದು. ಇನ್ನೊಮ್ಮೆ ಹೇಳಲು ಬಾಯಿ ತೆರೆದವನು ಬೀದಿಯವರನ್ನು ನೋಡಿ ಮುಚ್ಚಿಕೊಂಡೆ.

ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಬೇರೆ ಗಿರಾಕಿಯ ಕಡೆ ತಿರುಗಿ ಒಂದು ಸೀರೆ ಬಿಚ್ಚಿ ಹಾಸಿದಳು.